ಬಗ್ಗು ಬಾಗಿಲು

"ಇನ್ನೊಂದ್ಸಲ ಬಗ್ಗೋ. ಈ ಸಲ ನಿಧಾನಕ್ಕೆ. ನೀನು ಇಲಿ ಬಿಲಕ್ಕೆ ನುಗ್ಗಿದ ಹಾಗೆ ನುಗ್ಗಿಬಿಟ್ರೆ ಇವರಿಗೆ ಫೋಟೋ ಎಲ್ಲಿಂದ ಸಿಗಬೇಕು?"

ಹಾಗೆಂದವನು ದೊಡ್ಡಮನೆಯ ಧಣಿ. ಅವನ ಹಿಂದೆ ಬಣ್ಣಬಣ್ಣದ ಟೋಪಿ ಹಾಕಿಕೊಂಡ ಅತಿಥಿಗಳ ಹಿಂಡು. ಎಲ್ಲರ ಕೈಯಲ್ಲೂ ಮೊಬೈಲು. ಅವರ ಮುಂದೆ ನಿಂತವನು ಹಮಾಲಿ ಉದ್ದಣ್ಣ. ಬೆನ್ನ ಮೇಲೆ ನೀರು ತುಂಬಿದ ಡ್ರಮ್ಮು. ಡ್ರಮ್ಮು ಹಿಡಿದ ಪಟ್ಟಿ ಹಣೆಗೆ ಬಿಗಿದು ಕಣ್ಣುಗುಡ್ಡೆ ಈಗಲೋ ಆಗಲೋ ಕೆಳಗೆ ಉದುರುವಂತಿತ್ತು.

"ಧಣಿ, ಬಗ್ಗಿದಾಗೆಲ್ಲ ನೀರು ಚೆಲ್ಲತ್ತೆ."

"ಚೆಲ್ಲಲಿ ಬಿಡೋ. ನಲ್ಲೀಲಿ ಇನ್ನಷ್ಟು ಬರತ್ತೆ."

ನಲ್ಲಿ ಇದ್ದದ್ದು ಬೀದಿಯ ಆ ತುದಿಯಲ್ಲಿ. ಹಿತ್ತಲಿನವರೆಗೆ ಪೈಪು ಎಳೆದರೆ ಹಳೇ ಗೋಡೆಯ ಅಂದ ಕೆಡುತ್ತದೆ ಎಂದು ಯಾವತ್ತೋ ಹೇಳಿಯಾಗಿತ್ತು. ಉದ್ದಣ್ಣ ಹಲ್ಲು ಕಚ್ಚಿ ಬಗ್ಗಿದ. ತಣ್ಣೀರು ಕುತ್ತಿಗೆಯಿಂದ ಇಳಿದು ಬೆನ್ನುಹುರಿ ಹಿಡಿದು ಚಡ್ಡಿಯವರೆಗೂ ವಿಚಾರಿಸಿಕೊಂಡು ಹೋಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಟೋಪಿ ಹಾಕಿದ ಹೆಂಗಸೊಬ್ಬಳು ಏನೋ ಅಂದಳು. ಧಣಿ ಹಲ್ಲು ಬಿಟ್ಟು, "ಎಷ್ಟು ವಿನಯವಂತ ಜನ ಅಂತಿದ್ದಾರೆ ಕಣೋ" ಎಂದ.

ಅಷ್ಟರಲ್ಲಿ ಬಾಗಿಲಿನ ಒಳಗಿಂದ ಮುದುಕಿಯೊಬ್ಬಳ ಗಂಟಲು ಕೂಗಿತು: "ತಲೇ!"

ಕೂಗಿದವಳು ಉದ್ದಣ್ಣನ ಅವ್ವ.

ಆ ಬಾಗಿಲ ಕಥೆ ಹೇಳದೆ ಮುಂದೆ ಹೋದರೆ ಕಥೆಗೇ ತಲೆ ತಗಲುತ್ತದೆ. ದೊಡ್ಡಮನೆಗೆ ಮುಂದುಗಡೆ ಆನೆ ಹೋಗುವಷ್ಟು ಬಾಗಿಲು. ಹಿಂದುಗಡೆ, ಕಾಂಪೌಂಡು ಗೋಡೆಯಲ್ಲಿ, ಎದೆಮಟ್ಟದ ಒಂದು ಕಿಂಡಿ: ಎರಡು ಕಲ್ಲಿನ ಕಂಬ, ಮೇಲೊಂದು ಅಡ್ಡಗಲ್ಲು. ಧಣಿಯ ಮುತ್ತಜ್ಜ ಬೇಕೆಂದೇ ಹಾಗೆ ಕಟ್ಟಿಸಿದ್ದ. ಕೆಲಸದವರು ತಲೆ ಎತ್ತಿಕೊಂಡು ಒಳಗೆ ಬರಬಾರದು, ಅಷ್ಟೇ. ಆ ಕಾಲದಿಂದ ಹಿತ್ತಲಿನ ಸಾಲುಮನೆಗಳಲ್ಲಿ ಬಾಡಿಗೆಗೆ ಬಿದ್ದಿದ್ದ ಹಮಾಲಿ ಸಂಸಾರಗಳೆಲ್ಲ ಬಗ್ಗಿಯೇ ಹೊರಗೆ, ಬಗ್ಗಿಯೇ ಒಳಗೆ. ಹಗಲೆಲ್ಲ ಬೆನ್ನ ಮೇಲೆ ಊರಿನ ಬೀರು ಮಂಚ ಹೊತ್ತು ಬಗ್ಗಿ, ಸಂಜೆ ಮನೆಗೆ ಬಂದರೆ ಅಲ್ಲೂ ಬಗ್ಗಬೇಕು. ಎಲ್ಲರ ಹಣೆಯಲ್ಲೂ ಕಲ್ಲಿಗೆ ಬಡಿದು ಊದಿದ ಒಂದು ಬೋರೆ. ಜಾತ್ರೆಯಂಥ ಗದ್ದಲದಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಪೊಲೀಸರು ಹಣೆ ಮುಟ್ಟಿ ನೋಡಿ ಸೀದಾ ಇಲ್ಲಿಗೇ ತಂದು ಬಿಡುತ್ತಿದ್ದರು. ಆ ಹಿತ್ತಲಲ್ಲಿ ಹುಟ್ಟಿದ ಬೆಕ್ಕು ಕೂಡ ಬಾಗಿಲಲ್ಲಿ ಬಗ್ಗಿಯೇ ದಾಟುತ್ತಿತ್ತು. ಬೀದಿನಾಯಿಗಳು ಅದನ್ನು ನೋಡಿ ನಗುತ್ತಿದ್ದವು.

ಹಾಗಾಗಿ ಅಲ್ಲಿ ಒಂದು ರೂಢಿ. ಯಾರಾದರೂ ಬಾಗಿಲ ಹತ್ತಿರ ಬಂದ ಸಪ್ಪಳವಾದರೆ ಸಾಕು, ಒಳಗಿದ್ದವರು "ತಲೇ!" ಎಂದು ಕೂಗಬೇಕು. ಹೋಗಿ ಬಾ ಅನ್ನುವುದಕ್ಕೂ ಅದೇ, ಬಾ ಅನ್ನುವುದಕ್ಕೂ ಅದೇ. ಕೂಸುಗಳು ಅವ್ವ ಅನ್ನುವುದಕ್ಕೂ ಮುಂಚೆ ತಲೆ ಅನ್ನುತ್ತಿದ್ದವು. ಉದ್ದಣ್ಣನಂತೂ ಕರೆಂಟಿನ ಕಂಬದ ಮೇಲೆ ಕೂತ ಕಾಗೆಯನ್ನು ಮುಖಕ್ಕೆ ಮುಖ ಕೊಟ್ಟು ಮಾತಾಡಿಸುವಷ್ಟು ಉದ್ದ. ಅವನಿಗೆ ಕೂಗಿ ಕೂಗಿಯೇ ಅವ್ವನ ಗಂಟಲು ತಮಟೆಯಾಗಿತ್ತು.

ಜೀವಮಾನವೆಲ್ಲ ಬಗ್ಗಿದ ಆ ಅವ್ವನೇ ಈಗ ಬಗ್ಗಲಾರಳು. ಅಟ್ಟದ ಏಣಿಯಿಂದ ಬಿದ್ದಳು. ಮನೆಯೊಳಗೇ ಪಟ್ಟು ಕಟ್ಟಿ ಮಲಗಿಸಿದರು. ಬೆನ್ನು ಕೂಡಿಕೊಂಡಿತು, ಆದರೆ ಕೂಡಿಕೊಂಡದ್ದು ಬಿದಿರು ಗಳುವಿನ ಹಾಗೆ. ಕುತ್ತಿಗೆಯಿಂದ ಕುಂಡೆಯವರೆಗೆ ಒಂದೇ ತುಂಡು. ನಿಂತರೆ ನಿಂತೇ ಇರಬೇಕು, ಮಲಗಿದರೆ ಮಲಗಿಯೇ ಇರಬೇಕು, ಕೂರುವ ಮಾತಿಲ್ಲ. ನಿಂತರೆ ಬಾಗಿಲಿನ ಕಲ್ಲು ಎದೆಗೆ ತಾಗುತ್ತಿತ್ತು. ಹಲಗೆ ಮೇಲೆ ಮಲಗಿಸಿ ಸಾಗಿಸೋಣವೆಂದರೆ ಬಾಗಿಲಿನ ಹಿಂದೆಯೇ ಓಣಿ ಮೊಣಕೈ ಮಡಚಿದ ಹಾಗೆ ತಿರುಗುತ್ತಿತ್ತು. ಊರಲ್ಲಿ ಯಾವ ಇಕ್ಕಟ್ಟು ಮೆಟ್ಟಿಲಿನಲ್ಲಾದರೂ ಬೀರು ಓರೆ ಮಾಡಿ ದಾಟಿಸುವ ಹಮಾಲಿಗಳು, ಅವ್ವನಷ್ಟೇ ಉದ್ದದ ಏಣಿಯೊಂದನ್ನು ಹಿಡಿದು ಎಲ್ಲಾ ಮಗ್ಗುಲಲ್ಲೂ ತಿರುಗಿಸಿ ನೋಡಿದರು. ಏಣಿ ಹೊರಗೆ ಬರಲಿಲ್ಲ.

"ಭಾವ, ಹಗ್ಗ ಕಟ್ಟಿ ಗೋಡೆ ಮೇಲಿಂದ ಇಳಿಸೋಣ" ಎಂದ ಮೋಟ. ಇವನು ಉದ್ದಣ್ಣನ ಹೆಂಡತಿಯ ತಮ್ಮ, ಕುಳ್ಳ. ಹಿತ್ತಲಿಗೆಲ್ಲ ತಾನೊಬ್ಬನೇ ಬರೀ ಕುತ್ತಿಗೆ ಬಗ್ಗಿಸಿ ದಾಟುವವನೆಂದು ಅವನಿಗೆ ಜಂಭ.

"ಇಳಿಸ್ತೀಯಾ? ನಿಮ್ಮಪ್ಪನ ಮನೆ ಬೀರು ಅಂದ್ಕೊಂಡ್ಯಾ ನನ್ನ?" ಅವ್ವ ಕೋಲು ಎತ್ತಿದಳು. "ಮುಂಡೇದೆ, ಈ ಮನೆಗೆ ಕಾಲಲ್ಲಿ ನಡ್ಕೊಂಡು ಬಂದೋಳು ನಾನು. ಕಾಲಲ್ಲೇ ಹೋಗ್ತೀನಿ."

ಆ ಕಾಲುಗಳೇ ಈಗ ಊದಿಕೊಳ್ಳುತ್ತಿದ್ದವು. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ನಾಲ್ಕು ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಕೈಕಾಲು ಹಿಡಿದು ಒಬ್ಬ ಡಾಕ್ಟರನ್ನು ಹಿತ್ತಲಿಗೇ ಕರೆತಂದರು. ಆ ಪುಣ್ಯಾತ್ಮ "ತಲೇ!" ಎಂದು ಕೂಗಿದ್ದು ಯಾರಿಗೆ ಎಂದು ತಿರುಗಿ ನೋಡಿದ. ಕಲ್ಲಿಗೆ ಹಣೆ ಕೊಟ್ಟ. ಅವ್ವನನ್ನು ನೋಡುವ ಮೊದಲು ಅವನ ಹಣೆಗೇ ಪಟ್ಟಿ ಕಟ್ಟಬೇಕಾಯಿತು. "ಹೃದಯ ದಣಿದಿದೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ನಾನು ಮಾತ್ರ ಇನ್ನೊಂದು ಸಲ ಇಲ್ಲಿಗೆ ಬರೋದಿಲ್ಲ" ಎಂದು ಹಣೆ ಹಿಡಿದುಕೊಂಡೇ ಹೋದ.

ಅವತ್ತಿನಿಂದ ಅವ್ವನಿಗೆ ನಿಂತಲ್ಲಿ ನಿಲ್ಲಲಾಗದು. ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ಕೋಲು ಕುಟ್ಟುತ್ತಾ ತಿರುಗುವುದೇ ತಿರುಗುವುದು. ಉದ್ದಣ್ಣನಿಗೆ ಅನ್ನದ ಮುಂದೆ ಕೂತರೂ ಆ ಟಕ್ ಟಕ್, ಊರಾಚೆ ಮಂಚ ಹೊತ್ತಿದ್ದರೂ ಕಿವಿಯಲ್ಲಿ ಆ ಟಕ್ ಟಕ್.

ಹಿತ್ತಲಿನಿಂದ ದೊಡ್ಡಮನೆಯ ಅಂಗಳಕ್ಕೆ ಒಂದು ಒಳಬಾಗಿಲಿತ್ತು. ಎತ್ತರದ್ದು. ಯಾವಾಗಲೂ ಬೀಗ. ಉದ್ದಣ್ಣ ಧಣಿಯ ಮುಂದೆ ಹೋಗಿ ನಿಂತ. ದೊಡ್ಡಮನೆ ಈಗ ಅತಿಥಿಗೃಹ. ಅಂಗಳದಲ್ಲಿ ಬಿಳೀ ಬಟ್ಟೆ ಹಾಸಿದ ಮೇಜುಗಳು.

"ಒಂದೇ ಒಂದ್ಸಲ ತೆಗೀರಿ ಧಣಿ. ಅವ್ವ ನಡ್ಕೊಂಡು ದಾಟಿ ಹೋಗಿಬಿಡ್ತಾಳೆ. ಯಾವುದಕ್ಕೂ ಕೈ ತಗಲಿಸಲ್ಲ."

"ಜನ ಊಟ ಮಾಡೋ ಜಾಗದಲ್ಲಿ ನಿಮ್ಮವ್ವನ ಮೆರವಣಿಗೆನಾ?" ಧಣಿ ಕರವಸ್ತ್ರದಿಂದ ಮೂಗು ಒರೆಸಿಕೊಂಡ. "ಮೊದಲು ಆ ಕೋಲು ಕುಟ್ಟೋದು ನಿಲ್ಲಿಸೋಕೆ ಹೇಳು. ಗಿರಾಕಿಗಳಿಗೆ ಮಧ್ಯಾಹ್ನ ನಿದ್ದೆ ಬರ್ತಿಲ್ಲವಂತೆ."

"ಹಂಗಾದ್ರೆ ಹಿಂದಿನ ಬಾಗಿಲಿನ ಕಲ್ಲು ಒಂಚೂರು ಎತ್ತರಿಸ್ತೀವಿ. ಖರ್ಚು ನಮ್ದೇ."

"ಅದು ನನ್ನ ಕೈಲಿಲ್ಲಪ್ಪ, ಕಾನೂನು." ಧಣಿ ಎರಡೂ ಕೈ ಮೇಲಕ್ಕೆತ್ತಿ ತೋರಿಸಿದ, ಕೈಯಲ್ಲಿ ಏನೂ ಇಲ್ಲವೆಂಬಂತೆ.

ಕಾನೂನು ಬಂದದ್ದು ನಿಜ. ಪಟ್ಟಣ ಯೋಜನೆಯ ಕಛೇರಿಯವರು ಇಡೀ ಬೀದಿಯನ್ನು ಪಾರಂಪರಿಕ ವಲಯವೆಂದು ಸಾರಿದ್ದರು. ಬೀದಿಯಲ್ಲಿ ನಿಂತವರ ಕಣ್ಣಿಗೆ ಬೀಳುವ ಕಿಟಕಿ, ಕಂಬ, ಗೋಡೆ ಯಾವುದನ್ನೂ ಯಾರೂ ಕೆಡಿಸುವಂತಿಲ್ಲ. ಬಗ್ಗು ಬಾಗಿಲಿಗೂ ಒಂದು ಹಿತ್ತಾಳೆ ಫಲಕ ಬಿದ್ದಿತ್ತು: 'ಸೇವಕರ ದ್ವಾರ. ರಕ್ಷಿತ. ಹಾನಿ ಮಾಡಿದವರಿಗೆ ಜೈಲು.' ಓದು ಬಾರದವರೂ ಕೊನೆಯ ಪದವನ್ನು ಹೇಗೋ ಓದಿಕೊಂಡಿದ್ದರು.

ಉದ್ದಣ್ಣ ಯೋಚನೆ ಮಾಡಿದ. ಕಲ್ಲು ಎತ್ತರಿಸಬಾರದು ತಾನೆ? ನೆಲ ಇಳಿಸಬಾರದು ಅಂತ ಯಾರು ಹೇಳಿದರು? ಗಂಡ, ಹೆಂಡತಿ, ಭಾವಮೈದ ಮೂವರೂ ಸೇರಿ ಹೊಸ್ತಿಲ ಕೆಳಗೆ ಅಗೆದರು. ಹೆಂಡತಿ ಗಾರೆ ಕೆಲಸದವಳು, ಹಾರೆ ಹಿಡಿದರೆ ಮಣ್ಣೇ ಹೆದರಿ ಮೇಲೆ ಬರುತ್ತಿತ್ತು. ಅವ್ವ ಓಣಿಯಲ್ಲಿ ನಿಂತು, "ಇನ್ನೊಂಚೂರು, ಇನ್ನೊಂಚೂರು, ಎದೆ ದಾಟ್ತು, ಗಂಟಲು ದಾಟ್ತು" ಎಂದು ಅಳತೆ ಹೇಳುತ್ತಿದ್ದಳು. ಗಲ್ಲ ದಾಟುವ ಹೊತ್ತಿಗೆ ಬೀದಿಯಲ್ಲಿ ಜೀಪು ನಿಂತಿತು.

ಇಳಿದವರು ಪರಂಪರೆ ಸಾಹೇಬರು. ಅದು ಬೀದಿಯವರು ಇಟ್ಟ ಹೆಸರು. ತೆಳ್ಳಗೆ, ಮೆಲ್ಲಗೆ ಮಾತಾಡುವ ಮನುಷ್ಯ. ಗುಂಡಿ ನೋಡಿ ಅಳುವುದೊಂದು ಬಾಕಿ.

"ಏನಪ್ಪಾ ಇದು? ನೆಲದ ಮಟ್ಟ ಕೂಡ ಪರಂಪರೆಯೇ ಅಲ್ವಾ?"

"ಮಣ್ಣು ಸ್ವಾಮಿ ಇದು" ಎಂದಳು ಹೆಂಡತಿ.

"ಹಳೇ ಮಣ್ಣಮ್ಮ."

ಗುಂಡಿ ಮುಚ್ಚಿಸಿದರು. ಮತ್ತೆ ಯಾರೂ ಅಗೆಯದಿರಲೆಂದು ಅದರ ಮೇಲೊಂದು ದಪ್ಪ ಚಪ್ಪಡಿ ಹಾಕಿಸಿದರು. ಅದನ್ನು ಹೊತ್ತು ತಂದು ಹಾಕಿದವರೂ ಈ ಹಮಾಲಿಗಳೇ; ಬೀದಿಯಲ್ಲಿ ಬೇರೆ ಹಮಾಲಿಗಳಿರಲಿಲ್ಲ. ಚಪ್ಪಡಿಯ ದಪ್ಪದಿಂದ ಬಾಗಿಲು ಮೊದಲಿಗಿಂತಲೂ ತಗ್ಗಾಯಿತು. ಮೋಟ ಗತ್ತಿನಿಂದ ದಾಟಲು ಹೋಗಿ ಹುಟ್ಟಿದ ಮೇಲೆ ಮೊದಲ ಸಲ ಹಣೆ ಒಡೆದುಕೊಂಡ.

"ಬೋಳಿಮಕ್ಕಳು" ಎಂದು ಕೂತಲ್ಲೇ ಹಣೆ ಉಜ್ಜಿಕೊಂಡ. "ನನ್ನನ್ನೂ ಸೇರಿಸ್ಕೊಂಡ್ರಲ್ಲೋ."

ಅಷ್ಟಾದ ಮೇಲೆ ಒಂದು ದಿನ ದೊಡ್ಡಮನೆಯ ಪಕ್ಕದ ಗೋಡೆ ಧಡಧಡ ಉರುಳಿತು. ಉದ್ದಣ್ಣ ಓಡಿಹೋಗಿ ನೋಡಿದರೆ ಅದು ಬಿದ್ದದ್ದಲ್ಲ, ಬೀಳಿಸಿದ್ದು. ಅತಿಥಿಗಳ ಕಾರು ಒಳಗೆ ಬರಲು ಧಣಿ ಹೊಸ ಗೇಟು ಮಾಡಿಸುತ್ತಿದ್ದ, ಅದೂ ಬೀಗ ಹಾಕಿದ ಒಳಬಾಗಿಲಿನ ಆಚೆಗೆ. ಹಳೇ ಗೋಡೆ, ಹಳೇ ಕಲ್ಲು, ಹಳೇ ಮಣ್ಣು ಎಲ್ಲ ಲಾರಿಗೆ. ಜೀಪು ಬರಲೇ ಇಲ್ಲ.

ಉದ್ದಣ್ಣನ ಕಾಲು ಅವನನ್ನು ಕೇಳದೆಯೇ ಯೋಜನೆ ಕಛೇರಿಗೆ ನಡೆಯಿತು. ಅದೂ ಹಳೇ ಕಟ್ಟಡ. ಅದರ ಬಾಗಿಲು ಎಷ್ಟು ಎತ್ತರವೆಂದರೆ, ಉದ್ದಣ್ಣ ಹೆಗಲ ಮೇಲೆ ಇನ್ನೊಬ್ಬ ಉದ್ದಣ್ಣನನ್ನು ಕೂರಿಸಿಕೊಂಡು ಹೋಗಬಹುದಿತ್ತು. ಆದರೂ ಅಭ್ಯಾಸ; ಬಗ್ಗಿಯೇ ಒಳಗೆ ಹೋದ. ಗುಮಾಸ್ತರು ಕಿಸಕ್ಕೆಂದರು.

"ಅದು ಬೇರೆ ವಿಷಯ" ಎಂದರು ಸಾಹೇಬರು. "ಆ ಗೇಟಿಗೆ ಅನುಮತಿ ಇದೆ. ಹಳೇ ಕಟ್ಟಡ ಉಳಿಯಬೇಕಾದ್ರೆ ಅದಕ್ಕೆ ಹೊಸ ಉಪಯೋಗ ಸಿಗಬೇಕು. ಅದನ್ನ ಹೊಂದಾಣಿಕೆಯ ಮರುಬಳಕೆ ಅಂತೀವಿ."

"ಕಾರು ನುಗ್ಗಿದ್ರೆ ಮರುಬಳಕೆ. ನಮ್ಮವ್ವ ನುಗ್ಗಿದ್ರೆ ಹಾನಿಯಾ ಸ್ವಾಮಿ?"

"ನೋಡಪ್ಪ, ಕೋಪ ಮಾಡ್ಕೋಬೇಡ." ಸಾಹೇಬರ ದನಿ ಇನ್ನೂ ಮೆತ್ತಗಾಯಿತು. "ಅರಮನೆ ಬಾಗಿಲು ಎಲ್ಲರೂ ಉಳಿಸ್ತಾರೆ. ನಿಮ್ಮಂಥ ಶ್ರಮಜೀವಿಗಳ ಬಾಗಿಲನ್ನ ಯಾರು ಉಳಿಸ್ತಾರೆ ಹೇಳು? ಅದು ನಿಮ್ಮ ಹಿರಿಯರ ನೆನಪು. ಅದನ್ನ ಕಾಪಾಡೋದಕ್ಕೆ ನಾನು ಎಷ್ಟು ಜನರ ಹತ್ರ ಜಗಳ ಆಡಿದ್ದೀನಿ ಗೊತ್ತಾ? ಎಲ್ಲ ನಿಮಗೋಸ್ಕರ."

ಬೈದವರಿಗೆ ತಿರುಗಿ ಬೈಯಬಹುದು. ಇದಕ್ಕೇನು ಹೇಳುವುದು? ಎದ್ದು ಹೊರಟ ಉದ್ದಣ್ಣ ಪಡಸಾಲೆಯಲ್ಲಿ ಒಂದು ಕೆತ್ತನೆಯ ಕಂಬ ನೋಡಿ ನಿಂತ. ಮೇಲಿಂದ ದೀಪ ಬಿಟ್ಟಿದ್ದರು.

"ಇದು ಮೂಲೆಮನೆಯದಲ್ವಾ? ನಾನೇ ಹೊತ್ತು ತಂದಿದ್ದೆ."

"ಹೌದು. ಆ ಮನೆ ಉಳಿಸೋಕಾಗ್ಲಿಲ್ಲ. ಇಲ್ಲಿ ತಂದಿಟ್ಟು ಕಂಬನಾದ್ರೂ ಉಳಿಸಿದ್ವಿ" ಎಂದರು ಸಾಹೇಬರು ಹೆಮ್ಮೆಯಿಂದ. "ಇನ್ನು ಇದಕ್ಕೆ ಯಾರೂ ಸುತ್ತಿಗೆ ತಗಲಿಸೋ ಹಾಗಿಲ್ಲ."

"ತಂದಿಟ್ರೂ ಪರಂಪರೆ ಪರಂಪರೆನೇ?"

"ಎಲ್ಲಿದ್ರೂ ಕಣಪ್ಪ."

ಉದ್ದಣ್ಣ ಕಂಬವನ್ನು ನೋಡಿದ, ಸಾಹೇಬರನ್ನು ನೋಡಿದ, ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಈ ಸಲ ಹೊರಗೆ ಹೋಗುವಾಗ ಬಗ್ಗುವುದು ಮರೆತೇಹೋಯಿತು.

ಭಾನುವಾರ ಧಣಿ ಅತಿಥಿಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಹೊಸ ಗೇಟಿನಿಂದ ಎಲ್ಲೋ ಸುತ್ತಾಡಲು ಹೋದ. ಬಿಸಿಲು ನೆತ್ತಿಗೆ ಬಂದಿತ್ತು. ಹಿತ್ತಲಿನ ಹಮಾಲಿಗಳೆಲ್ಲ ಬಾಗಿಲ ಮುಂದೆ ಸೇರಿದರು.

"ಒಂದು ಗೀರು ಬೀಳಬಾರದು" ಎಂದ ಉದ್ದಣ್ಣ. "ಗೀರು ಬಿದ್ರೆ ಜೈಲು."

"ಬೀಳದಿದ್ರೆ?" ಎಂದ ಮೋಟ.

"ಆಗಲೂ ಜೈಲೇ ಇರಬೇಕು. ಆದ್ರೂ ಬೀಳಬಾರದು."

ಹೆಂಡತಿ ಅಡ್ಡಗಲ್ಲಿನ ಮೇಲಿದ್ದ ಇಟ್ಟಿಗೆ ಸಾಲುಗಳನ್ನು ಒಂದೊಂದಾಗಿ ಬಿಡಿಸಿದಳು. ಶ್ರೀಮಂತರ ಮನೆಯ ನಿಲುಗನ್ನಡಿ ಹೊರುವಾಗ ಸುತ್ತುವ ಹಾಗೆ ಕಲ್ಲಿಗೆ ಹಳೇ ಕಂಬಳಿ ಸುತ್ತಿದರು. ಪಟ್ಟಿ ಹಾಕಿದರು. "ಹೂಂ" ಎಂದು ಒಟ್ಟಿಗೆ ಎತ್ತಿದರು. ಅಡ್ಡಗಲ್ಲು ನೆಗೆದ ರಭಸಕ್ಕೆ, ಮುತ್ತಜ್ಜನ ಕಾಲದಿಂದ ಅದರ ಸಂದಿಯಲ್ಲಿ ಮುದುಡಿ ಕೂತಿದ್ದ ಹಲ್ಲಿಯೊಂದು ಮೈಮುರಿದು ಉಡದಷ್ಟು ಉದ್ದವಾಗಿ ಓಡಿಹೋಯಿತಂತೆ. ನಂಬುವವರು ನಂಬಬಹುದು.

"ಅವ್ವಾ, ಬಾ."

ಟಕ್ ಟಕ್ ಎನ್ನುತ್ತ ಅವ್ವ ಓಣಿಯ ತಿರುವು ದಾಟಿ ಬಂದಳು. ಬಾಗಿಲಿದ್ದ ಜಾಗದಲ್ಲಿ ಗಕ್ಕನೆ ನಿಂತಳು. ಒಂದು ಕೈ ಎತ್ತಿ ಮುಂದೆ ಚಾಚಿ ಕಲ್ಲನ್ನು ತಡಕಿದಳು. ಗಾಳಿ ಸಿಕ್ಕಿತು. ಇನ್ನೂ ಮೇಲೆ ತಡಕಿದಳು. ಅಲ್ಲೂ ಗಾಳಿ.

"ಇಲ್ವಲ್ಲೋ" ಎಂದಳು.

"ಇಲ್ಲ ಅವ್ವ."

ಅವ್ವ ಹೊರಗೆ ಬಂದಳು. ಬೀದಿಯ ಆ ತುದಿ, ಈ ತುದಿ ನೋಡಿದಳು. ಬಗ್ಗದೆ ಹೊರಗೆ ಬಂದರೆ ಬೀದಿ ಹೇಗೆ ಕಾಣುತ್ತದೆ ಎಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಯಾವಾಗಲೂ ಮೊದಲು ಕಂಡದ್ದು ಚರಂಡಿ.

"ಆಸ್ಪತ್ರೆಗೆ ನಾಳೆ ಬೆಳಗ್ಗೆ ಹೋಗೋದು ಅತ್ತೆ. ಇವತ್ತು ಭಾನುವಾರ, ಚೀಟಿ ಕೊಡಲ್ಲ" ಎಂದಳು ಸೊಸೆ.

"ನಾಳೆವರೆಗೂ ಇಲ್ಲೇ ನಿಂತಿರ್ತೀನಿ ಬಿಡು. ಮತ್ತೆ ಒಳಗೆ ಕರೀಬೇಡಿ."

ಅಡ್ಡಗಲ್ಲು, ಎರಡು ಕಂಬ, ಫಲಕ, ಇಟ್ಟಿಗೆ ಎಲ್ಲ ಕೈಗಾಡಿಗಳಿಗೆ ಏರಿದವು. ಹಾಡಹಗಲಲ್ಲಿ, ಪೇಟೆಯ ನಡುವೆ, ಸಾಲುಸಾಲು ಗಾಡಿ ಎಳೆದುಕೊಂಡು ಹೋದರು. ಪೊಲೀಸಿನವನೊಬ್ಬ ಗಾಡಿಗಳಿಗಾಗಿ ರಸ್ತೆಯನ್ನೇ ತಡೆದು ದಾರಿ ಬಿಡಿಸಿಕೊಟ್ಟ. ಹಮಾಲಿ ಏನು ಹೊತ್ತಿದ್ದಾನೆ ಎಂದು ಯಾರು ನೋಡುತ್ತಾರೆ?

ಕಛೇರಿಯ ಕಾವಲುಗಾರ ಬೆಂಚಿನ ಮೇಲೆ ಬಿದ್ದುಕೊಂಡಿದ್ದ. "ಏನ್ರೋ ಇದು?"

"ಸಾಹೇಬರ ಕಲ್ಲು."

"ಎಲ್ಲಿ ಇಡಬೇಕಂತೆ?"

"ಬಾಗಿಲಲ್ಲಿ."

"ಭಾನುವಾರನೂ ಬಿಡಲ್ಲ ಇವ್ರು" ಎಂದು ಗೊಣಗುತ್ತ ಅವನೇ ಬಕೆಟ್ಟಿನಲ್ಲಿ ನೀರು ತಂದುಕೊಟ್ಟ. ಸಂಜೆ ಬೆಳಕು ಇಳಿಯುವಷ್ಟರಲ್ಲಿ ಕಛೇರಿಯ ಆ ಮಹಾದ್ವಾರದೊಳಗೆ ಬಗ್ಗು ಬಾಗಿಲು ನಿಂತಿತ್ತು. ಕೆಳಗೆ ಕಂಬ, ಮೇಲೆ ಅಡ್ಡಗಲ್ಲು, ಉಳಿದ ಜಾಗಕ್ಕೆಲ್ಲ ಇಟ್ಟಿಗೆ. ಪಾರಂಪರಿಕ ವಲಯದಲ್ಲಿ ಸಿಮೆಂಟು ಮುಟ್ಟಬಾರದೆಂದು ಸಾಹೇಬರೇ ಹೇಳಿದ್ದರಿಂದ ಹೆಂಡತಿ ಬರೀ ಸುಣ್ಣದ ಗಾರೆ ಹಾಕಿ, ಸಂದಿಗೆಲ್ಲ ಮರದ ಬೆಣೆ ಜಡಿದಿದ್ದಳು. ಕೊನೆಗೆ ಫಲಕವನ್ನು ಸೆರಗಿನಿಂದ ಉಜ್ಜಿ ಹಾಕಿದಳು.

ಸೋಮವಾರ ಬೆಳಗ್ಗೆ ಅವ್ವ ಕೈಗಾಡಿಯ ಮೇಲೆ ನಿಂತೇ ಆಸ್ಪತ್ರೆಗೆ ಹೊರಟಳು. ಬೀಳದಿರಲೆಂದು ಸೊಂಟಕ್ಕೆ ಹಮಾಲಿ ಪಟ್ಟಿ ಬಿಗಿದು ಗಾಡಿಯ ಗೂಟಕ್ಕೆ ಕಟ್ಟಿದ್ದರು. ಉದ್ದಣ್ಣ ಎಳೆಯುತ್ತಿದ್ದ, ಸೊಸೆ ಪಕ್ಕದಲ್ಲಿ ಹಿಡಿದುಕೊಂಡಿದ್ದಳು. ಹಿಂದೆ ಇಡೀ ಹಿತ್ತಲು. ಆಸ್ಪತ್ರೆಯ ದಾರಿ ಯೋಜನೆ ಕಛೇರಿಯ ಮುಂದಿನಿಂದಲೇ ಹೋಗುತ್ತಿತ್ತು.

ಕಛೇರಿಯ ಮುಂದೆ ಸಂತೆ ನೆರೆದಿತ್ತು. ಗುಮಾಸ್ತರು ಊಟದ ಡಬ್ಬಿ ಹಿಡಿದುಕೊಂಡು ಬಾಗಿಲನ್ನು ಸುತ್ತುತ್ತಿದ್ದರು. ಒಬ್ಬನ ಹಣೆಯಲ್ಲಿ ಆಗಲೇ ಬೋರೆ ಎದ್ದಿತ್ತು. ಎಲ್ಲಿಂದಲೋ ಕರೆತಂದಿದ್ದ ಕೆಲಸಗಾರನೊಬ್ಬ ಸುತ್ತಿಗೆ ಎತ್ತಿದ. ಬಾಯಿ ತೆರೆದುಕೊಂಡೇ ನಿಂತಿದ್ದ ಸಾಹೇಬರು ಒಮ್ಮೆಗೇ ಚೀರಿದರು:

"ಏಯ್! ಮುಟ್ಟಬೇಡ! ರಕ್ಷಿತ ಕಲ್ಲದು!"

ಚೀರಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತು. ಕೆಲಸಗಾರ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ. ಸಾಹೇಬರು ತಿರುಗಿದರು. ಗುಂಪಿನ ಮೇಲಿಂದ ಎದ್ದು ಕಾಣುತ್ತಿದ್ದ ತಲೆಯನ್ನು ಗುರುತಿಸಿದರು.

"ನೀನಾ? ಏನಿದು? ಏನ್ ಮಾಡಿದ್ದೀಯ ನೀನು?"

ಉದ್ದಣ್ಣ ಬಾಯಿ ತೆಗೆಯುವ ಮೊದಲೇ ಮೋಟ ಮುಂದೆ ಬಂದ. "ಮರುಬಳಕೆ ಸಾರ್. ಒಂದು ಗೀರು ಬಿದ್ದಿಲ್ಲ, ಬೇಕಿದ್ರೆ ನೋಡ್ಕೊಳ್ಳಿ."

"ಇದು ಅಪರಾಧ! ಜೈಲಿಗೆ ಹೋಗ್ತೀರ ಎಲ್ಲರೂ!"

"ಜೈಲಿನ ಬಾಗಿಲು ಎಷ್ಟೆತ್ತರ ಇದೆ ಸ್ವಾಮಿ?" ಎಂದಳು ಉದ್ದಣ್ಣನ ಹೆಂಡತಿ. ಕೇಳಿದ ದನಿಯಲ್ಲಿ ತಮಾಷೆಯಿರಲಿಲ್ಲ.

ಒಳಗೆ ಸಾಹೇಬರ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಮೇಲಿನವರದ್ದೇ ಇರಬೇಕು, ಸಾಹೇಬರ ಮುಖ ಬಿಳಿಚಿತು. ಬೀದಿಯ ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿಕೊಂಡಿತು. ಗಾಡಿಯ ಮೂಕಿ ಹಿಡಿದಿದ್ದ ಉದ್ದಣ್ಣ ಹಿಂದೆ ತಿರುಗಿ ಅವ್ವನನ್ನು ನೋಡಿದ. ಓಡಿದರೆ ಅವ್ವ ಗಾಡಿಯ ಮೇಲಿದ್ದಾಳೆ. ನಿಂತರೆ ಆಸ್ಪತ್ರೆ ಇನ್ನೂ ದೂರವಿದೆ. ಅವನು ನಿಂತ. ಹಮಾಲಿಗಳು ಒಬ್ಬೊಬ್ಬರಾಗಿ ಬಂದು ಗಾಡಿಯ ಸುತ್ತ ನಿಂತರು.

ಫೋನು ಮೂರನೇ ಸಲ ಹೊಡೆದುಕೊಂಡಿತು. ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಚೀಲವನ್ನು ಕಂಕುಳಲ್ಲಿ ಅವುಚಿಕೊಂಡರು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, ಅಷ್ಟೊಂದು ಜನರ ಮುಂದೆ, ಸೊಂಟ ಬಗ್ಗಿಸಿದರು.

ಗಾಡಿಯ ಮೇಲೆ ಗಳುವಿನ ಹಾಗೆ ನಿಂತಿದ್ದ ಅವ್ವ ಅದನ್ನು ಕಂಡಳು. ಅವಳಿಗೆ ಸಾಹೇಬರು ಯಾರೆಂದು ಗೊತ್ತಿರಲಿಲ್ಲ. ಬಗ್ಗು ಬಾಗಿಲಿನ ಮುಂದೆ ಒಂದು ಬೆನ್ನು ಬಗ್ಗಿತ್ತು, ಅಷ್ಟೇ ಅವಳಿಗೆ ಕಂಡದ್ದು. ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡು, ಬಾಯಿ ತುಂಬ ಕೂಗಿದಳು:

"ತಲೇ!"